ಖಾಲಿ ಕ್ಯಾಸೆಟ್ಟಿನ ಬೈಗುಳ

ಎಷ್ಟು ಫೋನು ಬದಲಿಸಿದರೂ ಹಳೇ ಸೆಟ್ಟಿನ ಪಾದವೇ ಗತಿ. ಗಾದೆಯನ್ನು ತಿರುಚಿದ್ದು ನಿಜ. ಮುಂದಿನ ಸಂಗತಿಯನ್ನು ಮಾತ್ರ ಅರ್ಧ ಸುತ್ತೂ ತಿರುಚಿಲ್ಲ. ನಡೆದದ್ದು ನಡೆದ ಹಾಗೇ ಇದೆ.

ಬೆಳಗಿನ ಆರು ಗಂಟೆ. ತಗಡಿನ ಶೆಡ್ಡಿನಲ್ಲಿ ಹತ್ತೊಂಬತ್ತು ವರ್ಷದ ಬೂದು ಕಾರೊಂದು ನಿಂತಿದೆ. ಮುಂದಿನ ಬಾಗಿಲಿನಿಂದ ಎರಡು ಕಾಲು ಹೊರಗೆ ಚಾಚಿವೆ. ಮಿಕ್ಕ ಮನುಷ್ಯ ಡ್ಯಾಶ್‌ಬೋರ್ಡಿನ ಕೆಳಗೆ ಅಂಗಾತ ಮಲಗಿದ್ದಾರೆ. ಬಾಯಲ್ಲಿ ಪುಟ್ಟ ಟಾರ್ಚು, ಎದೆಯ ಮೇಲೆ ಸ್ಕ್ರೂ ತುಂಬಿದ ಬಟ್ಟಲು. ಆ ಕಾಲುಗಳ ಒಡೆಯರೇ ವೈರಪ್ಪ. ಅಪ್ಪ ಅಮ್ಮ ಇಟ್ಟ ಹೆಸರು ಯಾವುದೋ ಕಾಗದದಲ್ಲಿದೆಯಂತೆ. ಹೆಸರಲ್ಲೇ ವೈರ ಇದ್ದರೂ ಮನುಷ್ಯ ಯಾರಿಗೂ ವೈರಿಯಲ್ಲ.

ಅವರ ಕಸುಬು ಹೇಳಲು ಸುಲಭ, ಮಾಡಲು ಕಷ್ಟ. ಕ್ಯಾಸೆಟ್ಟಿನ ಕಾಲದ ಕಾರು ಸೆಟ್ಟಿನೊಳಗೆ ಬ್ಲೂಟೂತ್ ಕೂರಿಸಿ, ಫೋನಿನ ಹಾಡು ಅದರಲ್ಲೇ ಬರುವಂತೆ ಮಾಡುವುದು. ಹಳೇ ಸೆಟ್ಟಿನ ಮುಖ, ಗುಂಡಿ, ಹಸಿರು ದೀಪ ಎಲ್ಲ ಇದ್ದ ಹಾಗೇ ಇರಬೇಕು. ಕ್ಯಾಸೆಟ್ ಒಳಗೆ ಹೋಗದೆ ಆ ಸೆಟ್ಟು ಬಾಯಿ ಬಿಡುವುದಿಲ್ಲ. ಅದಕ್ಕೇ ಟೇಪು ಕಿತ್ತ ಖಾಲಿ ಕ್ಯಾಸೆಟ್ಟೊಂದನ್ನು ತುರುಕುತ್ತಾರೆ. ಸೆಟ್ಟು ಪಾಪ, ಕ್ಯಾಸೆಟ್ ಓಡುತ್ತಿದೆ ಎಂದು ನಂಬಿಕೊಂಡು ಫೋನಿನ ಹಾಡು ಹಾಡುತ್ತದೆ. ‘ಎಲ್ಲರಿಗೂ ಟೋಪಿ ಹಾಕಿದ್ರೆ ಪಾಪ ಬರುತ್ತೆ, ಸೆಟ್ಟಿಗೆ ಹಾಕಿದ್ರೆ ಹಾಡು ಬರುತ್ತೆ’ ಎನ್ನುತ್ತಾರೆ ವೈರಪ್ಪ.

ದಿನಕ್ಕೆ ಎರಡು ಕಾರು. ಡ್ಯಾಶ್‌ಬೋರ್ಡು ತಕರಾರು ಮಾಡದಿದ್ದರೆ ಮೂರು. ಈ ಬೂದು ಕಾರಿಗೆ ಹತ್ತೊಂಬತ್ತು ಸ್ಕ್ರೂ, ಅದರಲ್ಲಿ ನಾಲ್ಕು ಕಣ್ಣಿಗೆ ಕಾಣುವುದೇ ಇಲ್ಲ. ಮೂವತ್ತೊಂದು ವರ್ಷ ಹೀಗೆ ತಲೆಕೆಳಗಾಗಿ ದುಡಿದು ಎಡಭುಜ ಮೇಲೇಳುವುದಿಲ್ಲ. ಹೊಸ ಕಾರುಗಳು ಪರದೆ ಸಮೇತ ಬಂದಾಗ ಎರಡು ವರ್ಷ ಶೆಡ್ಡಿನಲ್ಲಿ ನೊಣ ಹೊಡೆದದ್ದೂ ಉಂಟು. ಆಮೇಲೆ ಹಳೇ ಕಾರು ಬಿಡಲೊಲ್ಲದವರು ಒಬ್ಬೊಬ್ಬರಾಗಿ ಹುಡುಕಿಕೊಂಡು ಬಂದರು.

ವಿಚಿತ್ರವೆಂದರೆ ವೈರಪ್ಪನವರ ಬಳಿ ಇರುವುದು ಗುಂಡಿ ಒತ್ತುವ ಹಳೇ ಫೋನು. ‘ವೈರ್ ಇರೋ ತನಕ ನನ್ನದು. ಗಾಳಿಯಲ್ಲಿ ಹೋಗೋದೆಲ್ಲ ತಂಗಿ ಖಾತೆ’ ಎನ್ನುತ್ತಾರೆ. ತಂಗಿ ಪಕ್ಕದ ಕೋಣೆಯಲ್ಲಿ ಸೀಟಿನ ಕವರು ಹೊಲಿಯುತ್ತಾಳೆ. ಸೆಟ್ಟು ತಯಾರಾದಾಗ ತನ್ನ ಫೋನು ತಂದು ಒಂದು ಹಾಡು ಹಾಕಿ, ನಿಲ್ಲಿಸಿ, ಹೋಗುತ್ತಾಳೆ. ಹಾಡು ನಿಂತರೆ ಫೋನಿಗೂ ಕಾರಿಗೂ ಸಂಬಂಧ ಮುಗಿಯಿತು ಎಂದೇ ಅಣ್ಣನ ಲೆಕ್ಕ.

ಅಸಲಿ ಪರೀಕ್ಷೆ ಶುರುವಾಗುವುದು ಆಗಲೇ. ಗಾಜು ಏರಿಸಿ, ಬಾಗಿಲು ಹಾಕಿಕೊಂಡು, ಕಣ್ಣು ಮುಚ್ಚಿ ಕೂರುತ್ತಾರೆ. ‘ಹಾಡು ಯಾರಾದ್ರೂ ಕೇಳ್ತಾರೆ. ಹಾಡು ಇಲ್ಲದಾಗ ಗುಂಯ್ ಅನ್ನುತ್ತಾ ಅಂತ ಕೇಳಬೇಕು. ಈ ಕಿವಿ ಹೋದ ದಿನ ನನ್ನ ಹತ್ತಿರ ಉಳಿಯೋದು ಬರೀ ಸ್ಕ್ರೂಡ್ರೈವರ್.’

ಆ ಕಿವಿಯ ಮೇಲೇ ಎಂಟು ದಿನದಿಂದ ಅನುಮಾನ. ಮೊದಲು ಬಂದದ್ದು ಯಾವುದೋ ಹೆಂಗಸಿನ ನಗು. ರೇಡಿಯೊ ಸೋರುತ್ತಿದೆಯೆಂದು ಅದರ ವೈರು ಕಿತ್ತರು. ಎರಡು ದಿನ ಬಿಟ್ಟು ಇನ್ನೊಂದು ಕಾರಿನಲ್ಲಿ ಯಾರೋ ಕೆಮ್ಮಿದರು. ಸ್ಪೀಕರು ಬದಲಿಸಿದರು. ಮೂರನೆಯ ಕಾರಿನಲ್ಲಿ ಮಾತಾಡಿದ್ದು ಅವರಿಗೆ ಕೆಲಸ ಕಲಿಸಿದ ಗುರು. ಗುರುಗಳು ತೀರಿಕೊಂಡು ಆರು ವರ್ಷವಾಗಿದೆ. ತಂಗಿಯನ್ನು ಕೇಳಿದರೆ, ತನಗೇನೂ ಕೇಳಿಸಲಿಲ್ಲವಲ್ಲ ಎಂದಳು. ವೈರಪ್ಪ ಯಾರಿಗೂ ಹೇಳದೆ ಕಿವಿ ಡಾಕ್ಟರ ಚೀಟಿ ಬರೆಸಿ ಜೇಬಿನಲ್ಲಿಟ್ಟುಕೊಂಡರು.

ಇವತ್ತು ಬೂದು ಕಾರಿನ ಯಜಮಾನರು, ನಿವೃತ್ತ ಪೋಸ್ಟ್‌ಮ್ಯಾನ್, ಹೊರಗೆ ಸ್ಟೂಲಿನ ಮೇಲೆ ಕಾಯುತ್ತಿದ್ದಾರೆ. ತಂಗಿ ಬಂದು ಹಾಡು ಹಾಕಿ ಹೋದಳು. ವೈರಪ್ಪ ಬಾಗಿಲು ಹಾಕಿಕೊಂಡರು. ಖಾಲಿ ಕ್ಯಾಸೆಟ್ಟು ತಿರುಗುತ್ತಿದೆ. ಗುಂಯ್ ಇಲ್ಲ. ಅಷ್ಟರಲ್ಲಿ ಗುರುಗಳ ಆ ಒಡಕು ಗಂಟಲು:

‘ಲೋ, ಅರ್ಥಿಂಗ್ ನೋಡಿದ್ಯೇನೋ? ಇನ್ನೂ ಬಣ್ಣ ಕೆರೆಯದೇ ವೈರ್ ಕಟ್ತೀಯಲ್ಲೋ.’

ಸತ್ತವರೇ ಆಗಲಿ, ಗುರು ಗುರುವೇ. ವೈರಪ್ಪ ಹತ್ತೊಂಬತ್ತು ಸ್ಕ್ರೂ ಮತ್ತೆ ಬಿಚ್ಚಿ ನೋಡಿದರು. ಕಾರಿನ ಬಣ್ಣ ಕೆರೆದು, ಬರೀ ಲೋಹಕ್ಕೇ ಅರ್ಥಿಂಗ್ ವೈರು ಬಿಗಿದಿತ್ತು. ಎಲ್ಲ ಜೋಡಿಸಿ ಹೊರಗೆ ಬಂದರು. ಒಳಗೆ ಯಾರಾದರೂ ಮಾತಾಡಿದ್ದು ಕೇಳಿಸಿತೇ ಎಂದು ಪೋಸ್ಟ್‌ಮ್ಯಾನರನ್ನು ಕೇಳಿದರು. ಗಾಜು ಏರಿಸಿದ ಕಾರಿನದ್ದು ಹೊರಗಿದ್ದವರಿಗೆ ಏನು ಕೇಳಿಸೀತು? ಇಲ್ಲ ಎಂದರು ಅವರು.

ವೈರಪ್ಪ ದನಿ ತಗ್ಗಿಸಿದರು. ‘ಯಜಮಾನ್ರೇ, ನಿಮ್ಮದೇ ನನ್ನ ಕೊನೇ ಕಾರು. ನನ್ನ ಕಿವಿ ಕೈಕೊಟ್ಟಿದೆ. ತಂಗಿಗೆ ಮಾತ್ರ ಹೇಳಬೇಡಿ, ಗಾಬರಿ ಬೀಳ್ತಾಳೆ.’

ಕೊನೆಯ ಕಾರನ್ನು ಅರೆಬರೆ ಕೊಟ್ಟಾರೆಯೇ? ಮತ್ತೆ ಒಳಗೆ ಕೂತು ಕಣ್ಣು ಮುಚ್ಚಿದರು. ಮತ್ತೆ ಅದೇ ಗಂಟಲು, ಅದೇ ಅರ್ಥಿಂಗ್. ಈ ಸಲ ಅವರು ಬೆಚ್ಚಲಿಲ್ಲ. ಮೂವತ್ತೊಂದು ವರ್ಷದ ಚಾಳಿಯಂತೆ ಮಾತು ಬಿಟ್ಟು ಮಾತಿನ ಹಿಂದಿನದಕ್ಕೆ ಕಿವಿ ಕೊಟ್ಟರು. ಟಿಕ್, ಟಿಕ್, ಟಿಕ್, ಸರಕ್. ಫ್ಯಾನು. ರೆಕ್ಕೆ ಜಾಲರಿಗೆ ತಾಗುವ ಫ್ಯಾನು. ಇಡೀ ಕಟ್ಟಡದಲ್ಲಿ ಅಂಥದ್ದು ಇರುವುದು ಒಂದೇ.

ವೈರಪ್ಪ ಸದ್ದಿಲ್ಲದೆ ನಡೆದು ತಂಗಿಯ ಕೋಣೆಯ ಹೊಸ್ತಿಲಲ್ಲಿ ನಿಂತರು. ಅವಳು ಫೋನು ಹಿಡಿದು, ಬಾಯಿಗೆ ಸೆರಗು ತುರುಕಿಕೊಂಡು, ಹೊಲಿಗೆ ಯಂತ್ರದ ಮೇಲೆ ಬಿದ್ದು ಕುಲುಕುತ್ತಿದ್ದಳು.

‘ಏನೇ, ನಮ್ಮ ಗುರುಗಳು ನಿನ್ನ ಫ್ಯಾನಿನ ಕೆಳಗೆ ಬಾಡಿಗೆಗೆ ಬಂದಿದ್ದಾರಾ?’

ಸಿಕ್ಕಿಬಿದ್ದವಳು ಎಲ್ಲ ಒಪ್ಪಿಕೊಂಡಳು. ಊರಿನವರೆಲ್ಲರ ದನಿ ಅವಳ ಗಂಟಲಲ್ಲಿದೆ. ಗುರುವಿನದ್ದು ಚಿಕ್ಕಂದಿನಿಂದ ಬಾಯಿಪಾಠ. ಮಾತು ಮೊದಲೇ ಫೋನಿಗೆ ತುಂಬಿಟ್ಟು, ಹಾಡು ನಿಲ್ಲಿಸಿದ ಮೇಲೂ ಕಾರಿಗೆ ಅಂಟಿಕೊಂಡೇ ಇರುವ ಆ ಫೋನಿನಿಂದ ಕಳಿಸುತ್ತಿದ್ದಳು. ‘ಮೊದಲನೇ ದಿನ ನಾನು ಬೇಕಂತ ಮಾಡ್ಲಿಲ್ಲ ಅಣ್ಣಾ. ಗೆಳತಿ ಫೋನಿಗೆ ತನ್ನ ನಗು ಕಳಿಸಿದ್ಲು, ಒತ್ತಿದ್ರೆ ಇಲ್ಲಿ ಕೇಳಿಸ್ಲೇ ಇಲ್ಲ. ನೋಡಿದ್ರೆ ನೀನು ಸೀಟಿನ ಕೆಳಗೆ ಯಾರನ್ನೋ ಹುಡುಕ್ತಿದ್ದೆ. ಆಮೇಲೆ ತಡೆಯೋಕೆ ಆಗ್ಲಿಲ್ಲ.’

ಹಿಂದೆಯೇ ಬಂದಿದ್ದ ಪೋಸ್ಟ್‌ಮ್ಯಾನ್‌ಗೆ ಬಾಯಿ ತಡೆಯಲಿಲ್ಲ. ಇದೇ ಕೊನೇ ಕಾರು ಎಂದರಲ್ಲಮ್ಮ ನಿಮ್ಮಣ್ಣ ಎಂದುಬಿಟ್ಟರು. ತಂಗಿಯ ನಗು ಅಲ್ಲೇ ಸತ್ತಿತು. ಅಣ್ಣನ ಜೇಬಿನಿಂದ ಇಣುಕುತ್ತಿದ್ದ ಚೀಟಿ ಎಳೆದು ಓದಿದಳು, ಕಣ್ಣು ತುಂಬಿಕೊಂಡಳು.

‘ಅಳೋದು ಆಮೇಲೆ. ಇನ್ನೊಂದು ಸಲ ಹಾಕು’ ಎಂದ ವೈರಪ್ಪ ಪೋಸ್ಟ್‌ಮ್ಯಾನರನ್ನು ಕಾರಿನಲ್ಲಿ ಪಕ್ಕಕ್ಕೆ ಕೂರಿಸಿಕೊಂಡು ಬಾಗಿಲು ಎಳೆದುಕೊಂಡರು. ಗುರು ಮತ್ತೆ ಬೈದರು.

‘ಮಾತಿನ ಹಿಂದೆ ಫ್ಯಾನು ಕೇಳಿಸ್ತಾ?’

‘ಫ್ಯಾನಾ? ಬೈಗುಳ ಕೇಳಿಸ್ತು. ಫ್ಯಾನು ಗೀನು ಏನೂ ಇಲ್ಲಪ್ಪ.’

‘ಜಾಲರಿಗೆ ತಾಗೋದು? ಸರಕ್ ಅನ್ನೋದು?’

‘ಇಲ್ಲ ಮಾರಾಯ್ರೇ.’

ವೈರಪ್ಪ ಸ್ಟಿಯರಿಂಗಿನ ಮೇಲೆ ಹಣೆ ಇಟ್ಟು ನಗಲು ಶುರುಮಾಡಿದರು. ಹಣೆ ತಾಗಿ ಹಾರ್ನ್ ಕಿರುಚಿತು, ಅದಕ್ಕೂ ನಕ್ಕರು. ಪೋಸ್ಟ್‌ಮ್ಯಾನ್ ನಕ್ಕರು, ಕಣ್ಣೊರೆಸಿಕೊಂಡು ಕಾರಿನ ಹತ್ತಿರ ಬಂದ ತಂಗಿಯೂ ನಕ್ಕಳು. ಆ ಇಬ್ಬರ ನಗು ನಿಂತ ಮೇಲೂ, ಗಾಜು ಏರಿಸಿದ ಕಾರಿನೊಳಗಿಂದ ವೈರಪ್ಪನವರ ನಗು ರಸ್ತೆಯ ಆಚೆ ಬದಿಯವರೆಗೂ ಕೇಳಿಸುತ್ತಿತ್ತು.