ದೊಡ್ಡಮ್ಮನ ಡೇಟಾಬೇಸ್ ಪಾಠ

ಆಸ್ಪತ್ರೆಯ ಔಷಧಿ ಸ್ಟೋರಿನಲ್ಲಿ ಕೆಲಸ ಮಾಡುವ ನಮ್ಮ ದೊಡ್ಡಮ್ಮ ಈಗ ಡೇಟಾಬೇಸ್ ಕಲಿಯುತ್ತಿದ್ದಾರೆ. ಕಲಿಯದವರನ್ನು ಪ್ಯಾಕಿಂಗ್ ವಿಭಾಗಕ್ಕೆ ಹಾಕುತ್ತಾರಂತೆ. ಸಂಜೆಯಾದರೆ ಸಕ್ಕರೆ ಡಬ್ಬಕ್ಕೆ ಫೋನ್ ಒರಗಿಸಿ, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಆನ್‌ಲೈನ್ ವಿಡಿಯೊ ಪಾಠಕ್ಕೆ ಕೂರುತ್ತಾರೆ. ಮೇಷ್ಟ್ರು ಮಾಹಿತಿ ತುಂಬಿದ ಚೌಕಗಳ ಪಟ್ಟಿ ತೋರಿಸಿ "ಇದು ಟೇಬಲ್" ಎಂದರೆ, "ಕಾಲೇ ಕಾಣ್ತಿಲ್ಲವಲ್ಲಪ್ಪ" ಎಂದು ಫೋನಿಗೇ ಉತ್ತರ ಕೊಡುತ್ತಾರೆ. ಬೇಕಾದ್ದನ್ನು ಹುಡುಕಿಸುವ 'ವೇರ್' ಆದೇಶ ಟೈಪ್ ಮಾಡಿ ತಪ್ಪಾದಾಗ, "ವೇರ್ ಅಂದ್ರೆ ಎಲ್ಲಿ ತಾನೆ? ಹತ್ತಿ ಎಲ್ಲಿ ಅಂತ ಮರ್ಯಾದೆಯಾಗಿ ಕೇಳಿದೆ. ಯಾವ ಕಪಾಟು ಅಂತ ಹೇಳೋದು ಬಿಟ್ಟು ಕೆಂಪಕ್ಷರದಲ್ಲಿ ಬೈಯುತ್ತೆ ಈ ಫೋನು!" ಎಂದು ನನ್ನ ಮೇಲೆ ರೇಗುತ್ತಾರೆ. ಎರಡು ಟೇಬಲ್ ಜೋಡಿಸುವ ಪಾಠ ಬಂದಾಗಲಂತೂ ತಲೆಯೆಲ್ಲ ಕಲಸುಮೇಲೋಗರ. ಒಂದೇ ಮಾತ್ರೆಯ ಹೆಸರು ಐದು ಸಾಲಿನಲ್ಲಿ ಬಂದರೆ, "ಇದೇನು, ಮರಿ ಹಾಕಿತಾ?" ಎಂದು ಗಾಬರಿಯಾಗಿ ಮತ್ತೆ ಮೊದಲ ಪಾಠಕ್ಕೇ ಹೋಗುತ್ತಾರೆ. ನೋಡಿ ನೋಡಿ ಸಾಕಾಗಿ ಮೊನ್ನೆ ನಾನು, "ಅದನ್ನ ಬಿಡಿ ದೊಡ್ಡಮ್ಮ, ನಾನೇ ಹೇಳಿಕೊಡ್ತೀನಿ" ಎಂದೆ. ಅವರು ಕನ್ನಡಕ ತೆಗೆದು ಒರೆಸುತ್ತಾ ಕೂತರು. "ಬೇಡ ಕಣೋ. ಮದುವೆಯಾದ ಹೊಸದರಲ್ಲಿ ನಿಮ್ಮ ದೊಡ್ಡಪ್ಪನ್ನ ಒಂದೇ ವಿಷಯ ಎರಡು ಸಲ ಕೇಳಿದೆ. ಅವರು ನಕ್ಕರು, ನಿಮ್ಮಪ್ಪನೂ ನಕ್ಕ. ಆಮೇಲೆ ಈ ಮನೇಲಿ ಯಾರನ್ನೂ ಏನೂ ಕೇಳಿಲ್ಲ. ಈ ಮೇಷ್ಟ್ರು ನೋಡು, ಎಷ್ಟು ಸಲ ಹಿಂದಕ್ಕೆ ಹೋದ್ರೂ ಮುಖ ಸಿಂಡರಿಸದೆ ಮೊದಲಿಂದ ಹೇಳ್ತಾರೆ."