ಗುಬ್ಬಿ ಗಾಡಿಯಡಿ ಹೋದ ದಿನ

ಮೆಕ್ಯಾನಿಕ್‌ಗೆ ಗುಬ್ಬಿ ಎಂದು ಹೆಸರಿಟ್ಟವರು ಯಾರೋ, ಈಗ ಯಾರಿಗೂ ನೆನಪಿಲ್ಲ. ಆಳು ಸಣ್ಣ, ಕೈಕಾಲು ಕಡ್ಡಿ, ಎಂಥ ಇಕ್ಕಟ್ಟಿನಲ್ಲೂ ನುಸುಳಿಬಿಡುತ್ತಿದ್ದ. ಬೇರೆಯವರು ಎಂಜಿನ್ ಇಳಿಸಿಯೇ ಮುಟ್ಟಬೇಕಾದ ಬೋಲ್ಟನ್ನು ಇವನು ತೋಳು ತೂರಿಸಿ ಬಿಚ್ಚಿಕೊಂಡು ಬರುತ್ತಿದ್ದ. ಮುಖ್ಯರಸ್ತೆಯಿಂದ ಒಳಗೆ ತಿರುಗಿದರೆ ಟಯರ್ ಅಂಗಡಿ, ಅದರ ಪಕ್ಕದಲ್ಲಿ ಅವನ ತಗಡಿನ ಶೆಡ್ಡು. ಶೆಡ್ಡಿನ ಹಿಂಬಾಗಿಲು ತೆರೆದರೆ ಅಡುಗೆಮನೆ. ಕೆಲಸ, ಸಂಸಾರ ಎರಡೂ ಒಂದೇ ಗೋಡೆಯ ಆಚೀಚೆ. ಹೆಂಡತಿ ತಟ್ಟೆ ಬಡಿದಳೆಂದರೆ ಊಟದ ಹೊತ್ತು ಎಂದು ಇವನಿಗೆ ಗೊತ್ತಾಗುತ್ತಿತ್ತು. ಇವನ ಸದ್ದು ನಿಂತಿತೆಂದರೆ ಏನೋ ಎಡವಟ್ಟಾಗಿದೆ ಎಂದು ಅವಳಿಗೆ.

ಹಾಗೆ ಒಮ್ಮೆ ದೊಡ್ಡ ಎಡವಟ್ಟೇ ಆಗಿತ್ತು. ಕಾರೊಂದರ ಕೆಳಗೆ ಮಲಗಿ ಸೈಲೆನ್ಸರ್ ಬಿಚ್ಚುತ್ತಿದ್ದಾಗ ಜ್ಯಾಕಿನ ಎಣ್ಣೆ ಸೋರಿ, ಕಾರು ಮೆಲ್ಲಗೆ, ಬೆಕ್ಕು ಕೂತ ಹಾಗೆ, ಅವನ ಎದೆಯ ಮೇಲೆ ಕೂತುಬಿಟ್ಟಿತು. ಬಿಚ್ಚಿದ ಚಕ್ರವನ್ನು ಪಕ್ಕದಲ್ಲೇ ಅಡಿಗೆ ತಳ್ಳಿಟ್ಟಿದ್ದರಿಂದ ಪೂರ್ತಿ ಇಳಿಯಲಿಲ್ಲ. ಉಸಿರು ಒಳಗೆ ಹೋಗುತ್ತಿತ್ತು, ಆದರೆ ಕೂಗುವಷ್ಟು ಹೋಗುತ್ತಿರಲಿಲ್ಲ. ಪಕ್ಕದ ಅಂಗಡಿಯ ರೇಡಿಯೋದಲ್ಲಿ ಯಾರೋ ನಗುತ್ತಿದ್ದರು. ಚಪ್ಪಲಿ ಕಾಲುಗಳು ಶೆಡ್ಡಿನ ಮುಂದೆ ಹಾದು ಹೋಗುತ್ತಿದ್ದವು. ಒಂದು ಜೊತೆ ಕಾಲು ನಿಂತು, ಯಾರೂ ಇಲ್ಲವೆಂದುಕೊಂಡು ತಿರುಗಿ ಹೋಯಿತು. ಹೆಂಡತಿ ಆ ಹೊತ್ತಿಗೆ ಸಂತೆಗೆ ಹೋಗಿದ್ದಳು; ಕೊನೆಗೆ ಬಂದು ಕಾರೆತ್ತಿ ಎಳೆದುಕೊಂಡವನು ಅವಳ ತಮ್ಮ.

ಪಕ್ಕೆಲುಬು ಕೂಡಿಕೊಂಡವು. "ಗಟ್ಟಿ ಆಯುಷ್ಯ ಕಣಯ್ಯಾ ನಿಂದು" ಎಂದು ಬಂದವರೆಲ್ಲ ಭುಜ ತಟ್ಟಿ ಹೋದರು. ಆದರೆ ಅಂದಿನಿಂದ ಗುಬ್ಬಿ ಗಾಡಿಯ ಅಡಿಗೆ ಹೋಗಲಿಲ್ಲ. ಕೇಳಿದವರಿಗೆ "ಬೆನ್ನು ಕಣ್ರೀ, ಮಲಗಿ ಏಳೋಕಾಗಲ್ಲ" ಎನ್ನುತ್ತಿದ್ದ. ಬಾನೆಟ್ಟಿನ ಕೆಲಸ, ಬ್ಯಾಟರಿ, ವೈರಿಂಗು ಅವನದು. ಅಡಿಯ ಕೆಲಸವೆಲ್ಲ ಭಾವಮೈದನದು. ಹೀಗೆ ವರ್ಷಗಳೇ ಕಳೆದವು. ಬೆನ್ನುನೋವಿನ ಸುಳ್ಳು ಎಷ್ಟು ಹಳತಾಯಿತೆಂದರೆ, ಮಳೆಗಾಲದಲ್ಲಿ ನಿಜಕ್ಕೂ ಬೆನ್ನು ಹಿಡಿದಂತಾಗುತ್ತಿತ್ತು.

ಆ ದಿನ ಬೆಳಿಗ್ಗೆ ಭಾವಮೈದ ಕೆನ್ನೆ ಊದಿಸಿಕೊಂಡು ಹಲ್ಲು ಕೀಳಿಸಲು ಪಕ್ಕದ ಊರಿಗೆ ಹೋಗಿದ್ದ. ಶೆಡ್ಡಿನ ಬಾಗಿಲು ತೆರೆದು ಇನ್ನೂ ಕಸ ಗುಡಿಸಿರಲಿಲ್ಲ, ಆಗಲೇ ಒಂದು ಪಿಕಪ್ಪು ಬಂದು ನಿಂತಿತು. ಬರುವಾಗಲೇ ಮುಂಚಕ್ರದ ಹತ್ತಿರ 'ಟಕ್, ಟಕ್' ಎಂದು ಬಾಗಿಲು ಬಡಿದಂಥ ಸದ್ದು. ಹಿಂದಿನ ತೊಟ್ಟಿಯ ತುಂಬ ಬಿಳಿ ಬಣ್ಣದ ಮರದ ಪೆಟ್ಟಿಗೆಗಳು, ಒಂದರ ಮೇಲೊಂದು, ಬೆಲ್ಟು ಬಿಗಿದು ಕಟ್ಟಿದ್ದವು. ಎಂಜಿನ್ ಆರಿಸಿದ ಮೇಲೂ ಗಾಡಿಯ ಸದ್ದು ನಿಲ್ಲಲಿಲ್ಲ. ಗುಂಯ್ ಎಂದು ಒಂದೇ ಸಮನೆ ಗುನುಗುತ್ತಿತ್ತು.

ಇಳಿದವಳು ಐವತ್ತರ ಆಸುಪಾಸಿನ ಗಟ್ಟಿ ಹೆಂಗಸು. ಸೆರಗು ಸೊಂಟಕ್ಕೆ ಸಿಕ್ಕಿಸಿ, ತಲೆಗೆ ಬಟ್ಟೆ ಸುತ್ತಿದ್ದಳು. "ಜೇನು ಕಣಪ್ಪಾ, ಹೆದರಬೇಡ. ಪೆಟ್ಟಿಗೆ ಬಾಗಿಲಿಗೆಲ್ಲ ಜಾಲರಿ ಹಾಕಿದೀನಿ" ಎಂದಳು. ಹೂವಿನ ಹೊಲಕ್ಕೆ ಪೆಟ್ಟಿಗೆ ಸಾಗಿಸುತ್ತಿದ್ದಳಂತೆ. ದಿಬ್ಬದ ತಿರುವಿನಲ್ಲಿ ಗಾಡಿ ಇದ್ದಕ್ಕಿದ್ದಂತೆ ಒಂದು ಬದಿಗೆ ವಾಲಿತು, ಮೇಲಿನ ಪೆಟ್ಟಿಗೆ ಜಾರಿ ಅದರ ಜಾಲರಿ ಹರಿಯಿತು. ಹರಿದಲ್ಲಿ ಅವಳು ತನ್ನ ಕರವಸ್ತ್ರ ತುರುಕಿದ್ದಳು.

ಗುಬ್ಬಿ ಮೊಣಕಾಲೂರಿ ಚಕ್ರದ ಸಂದಿಯಲ್ಲಿ ಟಾರ್ಚು ಬಿಟ್ಟ. ಕಂಡಿತು. ತಿರುವಿನಲ್ಲಿ ಗಾಡಿ ವಾಲದಂತೆ ಹಿಡಿಯಲು ಮುಂಭಾಗದಲ್ಲಿ ಒಂದು ಅಡ್ಡ ಕಂಬಿ ಇರುತ್ತದೆ, ಸ್ವೇ ಬಾರ್. ಅದರ ಎರಡು ತುದಿಯನ್ನೂ ಚಕ್ರದ ತೋಳಿಗೆ ಜೋಡಿಸುವುದು ಗೇಣುದ್ದದ ಎರಡು ಲಿಂಕು. ಎಡಗಡೆಯದು ನಡುವೆಯೇ ತುಂಡಾಗಿ ನೇತಾಡುತ್ತಿತ್ತು. ಬಲಗಡೆಯದು ಸವೆದು, ಅಲುಗಿಸಿದರೆ ಹಲ್ಲಿನಂತೆ ಅಲುಗುತ್ತಿತ್ತು.

"ಇವತ್ತು ಆಗಲ್ಲಮ್ಮಾ. ನಂಗೆ ಬೆನ್ನು, ಮಲಗೋಕಾಗಲ್ಲ. ಕೆಳಗಿನ ಕೆಲಸದವನು ಇಲ್ಲ. ಸಂಜೆ ಬರ್ತಾನೆ" ಎಂದ.

"ಸಂಜೆಗೆ ಇವು ಇರಲ್ಲ" ಎಂದಳು ಅವಳು. "ಬಿಸಿಲೇರಿದರೆ ಮುಚ್ಚಿದ ಪೆಟ್ಟಿಗೆಯೊಳಗೇ ಬೆಂದುಹೋಗ್ತಾವೆ. ಮೇಣ ಕರಗಿ, ಎಲ್ಲ ಮುದ್ದೆಯಾಗ್ಬಿಡುತ್ತೆ."

"ಲಿಂಕು ಇದೆಯೋ ಇಲ್ವೋ ನೋಡ್ತೀನಿ" ಎಂದು ಅವನು ಏಣಿ ಹತ್ತಿದ. ಅಟ್ಟದ ಮೇಲಿನ ಡಬ್ಬಿಗಳನ್ನು ಸರಿಸುತ್ತ, ದೇವರೇ ಇರದಿರಲಿ, ಇರದಿರಲಿ ಎಂದು ಬೇಡಿಕೊಂಡ. ಇತ್ತು. ಹೊಸ ಜೊತೆ, ಪ್ಲಾಸ್ಟಿಕ್ ಚೀಲ ಕೂಡ ಒಡೆದಿರಲಿಲ್ಲ.

ಒಂದೇ ಕಡೆ ಎತ್ತಿದರೆ ಕಂಬಿ ತಿರುಚಿಕೊಂಡು ಬಿಗಿಯುತ್ತದೆಂದು ಮುಂದಿನ ಎರಡು ಚಕ್ರವನ್ನೂ ಸಮನಾಗಿ ಎತ್ತಿದ. ಜ್ಯಾಕನ್ನು ನಂಬದೆ ಕಬ್ಬಿಣದ ಸ್ಟ್ಯಾಂಡು ಕೊಟ್ಟ. ಸ್ಟ್ಯಾಂಡನ್ನೂ ನಂಬದೆ ಮರದ ದಿಮ್ಮಿ ಪೇರಿಸಿದ. ದಿಮ್ಮಿಯನ್ನೂ ನಂಬದೆ ಬಿಚ್ಚಿದ ಎರಡು ಚಕ್ರವನ್ನೂ ಅಡಿಗೆ ತಳ್ಳಿದ. ಹಿಂಚಕ್ರಕ್ಕೆ ಕಲ್ಲು ಒತ್ತಿದ. ಆಮೇಲೆ ಬಂಪರ್ ಹಿಡಿದು ತನ್ನ ಮೈಭಾರವೆಲ್ಲ ಹಾಕಿ ಅಲುಗಿಸಿದ. ಗಾಡಿ ಅಲುಗಲಿಲ್ಲ, ಜೇನು ಮಾತ್ರ ದನಿ ಏರಿಸಿದವು.

"ಮನೆ ಕಟ್ತಿದ್ದೀಯೋ, ಗಾಡಿ ರಿಪೇರಿ ಮಾಡ್ತಿದ್ದೀಯೋ?" ಎಂದಳು ಜೇನಕ್ಕ.

ಲಿಂಕಿನ ಮೇಲಿನ ನಟ್ಟುಗಳು ಚಕ್ರದ ಕಡೆಯಿಂದಲೇ ಕೈಗೆ ಸಿಕ್ಕವು. ಎರಡನ್ನೂ ಬಿಚ್ಚಿದ. ಆದರೆ ಕೆಳಗಿನ ನಟ್ಟುಗಳು ಒಳಮುಖವಾಗಿದ್ದವು. ಹೊರಗಿನಿಂದ ಕೈ ಹಾಕಿ ನೋಡಿದ, ಉದ್ದದ ಸ್ಪ್ಯಾನರ್ ಕಟ್ಟಿ ನೋಡಿದ, ಭುಜ ತರಚಿಕೊಂಡ. ಬೇರೆ ದಾರಿ ಇರಲಿಲ್ಲ.

ರಟ್ಟು ಹಾಸಿ ಬೆನ್ನ ಮೇಲೆ ಮಲಗಿದ. ಕಾಲಿನಿಂದ ನೆಲ ತಳ್ಳಿ ಒಳಗೆ ಸರಿದ. ತಲೆ ಒಳಗಾಯಿತು, ಭುಜ ಒಳಗಾಯಿತು. ಎದೆಯ ಮೇಲೆ ಬೆಳಕು ಹೋಯಿತು. ಆಗ ಅವನಿಗೆ ಕೇಳಿಸಿತು, ಕೇಳಿಸಿತೆನ್ನುವುದಕ್ಕಿಂತ ತಾಗಿತು: ತೊಟ್ಟಿಯಲ್ಲಿದ್ದ ಸಾವಿರಾರು ಜೇನುಗಳ ಗುನುಗು ಛಾಸಿಯ ಕಬ್ಬಿಣದೊಳಗೆ ಇಳಿದು ಬಂದು, ಇಡೀ ಗಾಡಿ ಅವನ ಮುಖದ ಮೇಲೆ ನಡುಗುತ್ತಿತ್ತು. ನಿಂತ ಗಾಡಿಗೆ ಜೀವ ಇದ್ದಂತೆ. ಜೀವ ಇದ್ದದ್ದು ಅಲುಗದೆ ಇರುತ್ತದೆಯೇ? ಪಕ್ಕೆಲುಬುಗಳು ತಾವಾಗಿಯೇ ಒಳಕ್ಕೆ ಮುದುಡಿಕೊಂಡವು. ಕೈಯಲ್ಲಿದ್ದ ಸ್ಪ್ಯಾನರ್ ಬಿದ್ದು ಹಲ್ಲಿಗೆ ತಾಗಿತು. ಅವನು ಹೇಗೆ ಹೊರಗೆ ಬಂದನೋ ಅವನಿಗೇ ತಿಳಿಯದು. ಗೋಡೆ ಹಿಡಿದುಕೊಂಡು, ಮೋರಿಯ ಪಕ್ಕ ಬಗ್ಗಿ, ಕುಡಿದ ಕಾಫಿಯನ್ನೆಲ್ಲ ಕಾರಿಕೊಂಡ.

ಜೇನಕ್ಕ ತಂಬಿಗೆಯಲ್ಲಿ ನೀರು ತಂದು ಹಿಡಿದಳು. "ಬೆನ್ನಾ?" ಎಂದಳು.

ವರ್ಷಗಟ್ಟಲೆ ಹೇಳಿದ ಮಾತು ನಾಲಗೆಯ ತುದಿಗೆ ಬಂದಿತ್ತು. ಯಾಕೋ ಹೊರಡಲಿಲ್ಲ. "ಬೆನ್ನಲ್ಲ. ಭಯ. ಒಂದ್ಸಲ ಕಾರು ಮೈಮೇಲೆ ಬಿದ್ದಿತ್ತು" ಎಂದ. ಹೇಳಿ ಮುಖ ತಿರುಗಿಸಿಕೊಂಡ.

ಅವಳು ತನ್ನ ಕೈ ಮುಂದೆ ಚಾಚಿದಳು. ಬೆರಳುಗಳು ಸಣ್ಣಗೆ ನಡುಗುತ್ತಿದ್ದವು. "ನೋಡು, ಆ ತಿರುವಿನಿಂದ ಹೀಗೇ ಆಗ್ತಿದೆ. ಗಾಡಿ ವಾಲಿದಾಗ ಕಿಟಕಿ ತುಂಬ ಬರೀ ಕಣಿವೆ ಕಾಣಿಸ್ತು. ನೀನು ರಿಪೇರಿ ಮಾಡಿಕೊಟ್ರೂ ನಾನು ಓಡಿಸ್ತೀನೋ ಇಲ್ವೋ ಗೊತ್ತಿಲ್ಲ. ಆದ್ರೆ ಇವುಗಳನ್ನ ಇಲ್ಲೇ ಬಿಟ್ಟು ಹೋಗೋಕಾಗುತ್ತಾ?" ಎಂದು ಬಕೆಟ್ ಎತ್ತಿಕೊಂಡು ಪೆಟ್ಟಿಗೆಗಳ ಮೇಲೆ ನೀರು ಚಿಮುಕಿಸತೊಡಗಿದಳು. ಬಿಸಿಲು ಆಗಲೇ ಶೆಡ್ಡಿನ ಹೊಸ್ತಿಲು ದಾಟಿತ್ತು.

ಗುಬ್ಬಿ ಮತ್ತೆ ಮಲಗಿದ. ಈ ಸಲ ಕಣ್ಣನ್ನು ನಟ್ಟಿನ ಮೇಲೆ ನೆಟ್ಟು, ಬೇರೆಲ್ಲೂ ನೋಡಲಿಲ್ಲ. ಎಡಗಡೆಯದು ಎಣ್ಣೆ ಹೊಡೆದ ಮೇಲೆ ಕಿರುಗುಟ್ಟುತ್ತ ಬಿಟ್ಟುಕೊಂಡಿತು. ಹೊರಗೆ ಬಂದು, ನಾಲ್ಕು ಉಸಿರೆಳೆದು, ಬಲಗಡೆಗೆ ಹೋದ. ಅದು ಹಟಮಾರಿ. ತುಕ್ಕು ಹಿಡಿದು, ನಟ್ಟಿನ ಜೊತೆ ಬೋಲ್ಟೂ ಸುತ್ತುತ್ತಿತ್ತು.

"ಗ್ರೈಂಡರ್ ಹಾಕಿ ಕತ್ತರಿಸ್ತೀನಿ. ಕಣ್ಣು ಮುಚ್ಚಿ ತೆಗೆಯೋದ್ರಲ್ಲಿ ಆಗೋಗುತ್ತೆ" ಎಂದು ಒಳಗಿನಿಂದಲೇ ಕೂಗಿದ.

"ಬೇಡ ಬೇಡ! ಆ ಸದ್ದಿಗೆ ಎಲ್ಲ ಎದ್ಬಿಡ್ತಾವೆ. ಕರವಸ್ತ್ರ ತಡೆಯಲ್ಲ. ಬೀದಿಗೆ ಬೀದಿಯೇ ಓಡಬೇಕಾಗುತ್ತೆ."

ಹಾಗಾದರೆ ಕೈಗರಗಸ. ಗ್ರೈಂಡರಿಗೆ ಕ್ಷಣದ ಕೆಲಸ, ಗರಗಸಕ್ಕೆ ಯಾವಾಗ ಮುಗಿಯುತ್ತದೋ ಹೇಳಲಾಗದು. ಅಷ್ಟೂ ಹೊತ್ತು ಇಲ್ಲೇ, ಈ ನಡುಗುವ ಕಬ್ಬಿಣದ ಕೆಳಗೆ. ಅವನು ಕೊಯ್ಯತೊಡಗಿದ. ಮೇಲಿನಿಂದ ಪೆಟ್ಟಿಗೆಯ ನೀರು ಕುತ್ತಿಗೆಗೆ ತೊಟ್ಟಿಕ್ಕುತ್ತಿತ್ತು. ಕಬ್ಬಿಣದ ಪುಡಿ ಕಣ್ಣಂಚಿಗೆ ಬೀಳುತ್ತಿತ್ತು. ಎಲ್ಲಿಂದಲೋ ತಪ್ಪಿಸಿಕೊಂಡ ಒಂದು ಜೇನು ಅವನ ಮಣಿಕಟ್ಟಿನ ಮೇಲೆ ಕೂತು ನಿಧಾನವಾಗಿ ಮೊಣಕೈ ಕಡೆ ನಡೆಯಿತು. ಅವನು ಅದನ್ನು ನೋಡಿದ, ಸುಮ್ಮನಿದ್ದ. ಇದ್ದಬದ್ದ ಭಯವೆಲ್ಲ ಗಾಡಿಗೇ ಖರ್ಚಾಗಿ ಜೇನಿಗೆ ಏನೂ ಉಳಿದಿರಲಿಲ್ಲ.

ಆಗ 'ಠಣ್' ಎಂದಿತು. ಕಿವಿಯ ಪಕ್ಕದಲ್ಲೇ, ಇಡೀ ಗಾಡಿ ಬಿದ್ದಂತೆ.

ಗುಬ್ಬಿ ಕಣ್ಣು ಮುಚ್ಚಿದ. ಈಗ ಬರುತ್ತದೆ, ಈಗ ಎದೆಗೆ ತಾಗುತ್ತದೆ ಎಂದು ಕಾದ. ಕಾಲು ಅವನ ಮಾತು ಕೇಳಲಿಲ್ಲ. ಅದೇ ರೇಡಿಯೋ ನಗು ಕೇಳಿದಂತಾಯಿತು. ಈ ಸಲ ಯಾರೂ ಬರುವುದಿಲ್ಲ ಎಂದು ಅವನಿಗೆ ಖಾತ್ರಿಯಾಗಿಹೋಯಿತು.

"ಇಲ್ಲಿ ನೋಡಿ."

ಹೆಂಡತಿಯ ದನಿ. ಗರಗಸದ ಸದ್ದು ನಿಂತದ್ದು ಕೇಳಿ ಅಡುಗೆಮನೆಯಿಂದ ಓಡಿ ಬಂದಿದ್ದಳು. ಅವನು ಕಣ್ಣು ತೆರೆದಾಗ ಅವಳ ಮುಖ ಅವನ ಮುಖದ ಎತ್ತರದಲ್ಲೇ ಇತ್ತು. ಎಣ್ಣೆ ಸುರಿದ ನೆಲದ ಮೇಲೆ ಕೆನ್ನೆ ಊರಿ, ಉದ್ದಕ್ಕೂ ಮಲಗಿಬಿಟ್ಟಿದ್ದಳು.

"ಏನೂ ಬಿದ್ದಿಲ್ಲ. ನಿಮ್ಮ ಎದೆ ಮೇಲೆ ಏನಿದೆ ಹೇಳಿ, ನಿಮ್ಮ ಕೈ ತಾನೇ? ಕೈ ಎತ್ತಿ. ಮೇಲಿನ ಕಬ್ಬಿಣ ಸಿಕ್ತಾ?"

ಕೈ ಎತ್ತಿದ. ತೋಳು ಮುಕ್ಕಾಲು ಚಾಚಿದ ಮೇಲೆ ಕಬ್ಬಿಣ ಸಿಕ್ಕಿತು. ಅಷ್ಟು ಜಾಗವಿತ್ತು. ಬಿದ್ದದ್ದು ಏನೆಂದು ಆಗ ತಿಳಿಯಿತು: ಲಿಂಕು ಕತ್ತರಿಸಿ ಹೋಗಿ, ಅದರ ಆಸರೆಯಲ್ಲಿದ್ದ ಅಡ್ಡ ಕಂಬಿಯ ತುದಿ ಚಕ್ರದ ತೋಳಿನ ಮೇಲೆ ಬಡಿದಿತ್ತು. ಅಷ್ಟೇ. ಕೆಲಸ ಆಗಿತ್ತು.

"ಬೆನ್ನು..." ಎಂದು ಅವನು ಶುರುಮಾಡಿದ.

"ಬೆನ್ನು ನೋವಿರೋರು ತುಂಬಿದ ಎರಡೆರಡು ಕೊಡಗಳನ್ನ ಹಿತ್ತಿಲಿಂದ ಒಬ್ಬರೇ ಎತ್ತಿಕೊಂಡು ಬರಲ್ಲ. ನಂಗೆ ಮೊದಲಿಂದ ಗೊತ್ತು. ಹೊಸದನ್ನ ಹಾಕಿ. ನಾನು ಇಲ್ಲೇ ಇರ್ತೀನಿ."

"ಎದ್ದು ಹೋಗಬೇಡ."

"ಸೀರೆ ಹೇಗೂ ಹಾಳಾಯ್ತಲ್ಲ, ಇನ್ನೆಲ್ಲಿ ಹೋಗಲಿ?"

ಹೊಸ ಲಿಂಕುಗಳನ್ನು ಕೂರಿಸುವವರೆಗೂ ಅವಳು ಮಾತು ನಿಲ್ಲಿಸಲಿಲ್ಲ. ಟಯರ್ ಅಂಗಡಿಯವನ ಮಗಳ ಪರೀಕ್ಷೆ, ಸೋರುವ ನಲ್ಲಿ, ತನ್ನ ತಮ್ಮ ಬೆಳಿಗ್ಗೆ ಹಲ್ಲು ಕೀಳಿಸಲು ಹೆದರಿ ಅತ್ತದ್ದು. ಎಡಕ್ಕೆ ಸರಿದರೆ ಅವಳೂ ಗಾಡಿ ಸುತ್ತಿ ಬಂದು ಎಡಕ್ಕೆ ಮಲಗಿದಳು. ನಟ್ಟು ಬಿಗಿಯುವಾಗ ಸ್ಪ್ಯಾನರ್ ಜಾರಲಿಲ್ಲ. ಹೊರಗೆ ಬಂದಾಗ ಅಂಗಿ ಬೆವರಿಗೂ ಜೇನುಪೆಟ್ಟಿಗೆಯ ನೀರಿಗೂ ಪೂರ್ತಿ ತೊಯ್ದುಹೋಗಿತ್ತು.

ಗಾಡಿ ಇಳಿಸಿದ ಮೇಲೆ ಜೇನಕ್ಕ ಸ್ಟಿಯರಿಂಗ್ ಮುಟ್ಟಲಿಲ್ಲ. "ಮೊದಲು ನೀನು ಓಡಿಸು" ಎಂದಳು. ಗುಬ್ಬಿ ಓಡಿಸಿದ, ಅವಳು ಪಕ್ಕದಲ್ಲಿ ಬಾಗಿಲಿನ ಹಿಡಿ ಹಿಡಿದು ಕೂತಳು. ಬೀದಿಯ ಕೊನೆಯ ತಿರುವಿನಲ್ಲಿ ಅವಳ ಉಸಿರು ನಿಂತದ್ದು ಅವನಿಗೆ ಕೇಳಿಸಿತು. ಗಾಡಿ ವಾಲಲಿಲ್ಲ, ಟಕ್ ಎನ್ನಲಿಲ್ಲ. ಮತ್ತೊಮ್ಮೆ ಹೋಗಿ ಬಂದರು. ಮೂರನೆಯ ಸಲ ಅವಳೇ ಓಡಿಸಿದಳು, ನಡೆಯುವವರಿಗಿಂತ ನಿಧಾನವಾಗಿ. ಹಿಂದೆ ಬಂದ ಸೈಕಲ್ಲಿನವನು ಗಂಟೆ ಬಾರಿಸಿದ. ಗುಬ್ಬಿಯನ್ನು ಶೆಡ್ಡಿನ ಮುಂದೆ ಇಳಿಸಿ, "ದಿಬ್ಬ ಇಳಿಯೋವರೆಗೂ ಹೀಗೇ ಹೋಗ್ತೀನಿ. ಹಿಂದಿನವರು ಬೈಕೊಳ್ಳಲಿ" ಎಂದು ಹೊರಟುಹೋದಳು. ಸಂಜೆ ಟಯರ್ ಅಂಗಡಿಯ ಫೋನಿಗೆ ಕರೆ ಬಂತು: ತಲುಪಿದ್ದಳು. ಒಂದು ಪೆಟ್ಟಿಗೆಯ ಜೇನು ಸತ್ತಿತ್ತು, ಉಳಿದವು ಹೂವಿಗೆ ಹೋಗಿದ್ದವು.

ಭಾವಮೈದ ಬಾಯಲ್ಲಿ ಹತ್ತಿ ಕಚ್ಚಿಕೊಂಡು ಬಂದ. ಗುಬ್ಬಿ ಅವನನ್ನು ಕೂರಿಸಿ ಬೆನ್ನಿನ ವಿಷಯವೆಲ್ಲ ಹೇಳಿದ. ಅವನು ಮಾತಾಡುವಂತಿರಲಿಲ್ಲ. ಎದ್ದು ಹೋಗಿ, ಎಷ್ಟೋ ಕಾಲದಿಂದ ಮೂಲೆಯಲ್ಲಿ ಬಿದ್ದಿದ್ದ ಆ ಸೋರುವ ಜ್ಯಾಕನ್ನು ಎತ್ತಿ ಗುಜರಿಯವನ ಗಾಡಿಗೆ ಎಸೆದು ಬಂದ.

ಗುಬ್ಬಿಯ ಭಯ ಹೋಯಿತೆಂದರೆ ಸುಳ್ಳಾದೀತು. ಈಗಲೂ ಅಡಿಗೆ ಹೋಗುವ ಮುನ್ನ ಸ್ಟ್ಯಾಂಡು, ದಿಮ್ಮಿ, ಚಕ್ರ ಎಲ್ಲ ಆಗಬೇಕು, ಗಿರಾಕಿಗಳು ಗೊಣಗುತ್ತಾರೆ. ಕೆಲವು ದಿನ ಭುಜದವರೆಗೆ ಹೋಗಿ ವಾಪಸ್ಸು ಬರುತ್ತಾನೆ, ಭಾವಮೈದನನ್ನು ಕರೆಯುತ್ತಾನೆ. ಆದರೆ ಕಾರಣ ಕೇಳಿದವರಿಗೆ ಇದ್ದದ್ದನ್ನು ಇದ್ದಂತೆ ಹೇಳುತ್ತಾನೆ. ಶೆಡ್ಡಿನಲ್ಲಿ ಒಂದು ಕಟ್ಟಳೆಯಾಗಿದೆ: ಯಾರು ಅಡಿಯಲ್ಲಿದ್ದರೂ ಹೊರಗೊಬ್ಬರು ಕೂತು ಮಾತಾಡುತ್ತಿರಬೇಕು.

ಮೊನ್ನೆ ಶಾಲೆಯ ವ್ಯಾನಿನ ಕೆಳಗೆ ಅವನು ಮಲಗಿದ್ದ. ಪಕ್ಕದಲ್ಲಿ ಹೆಂಡತಿ ಮಣೆ ಹಾಕಿಕೊಂಡು ಅವನ ಅಂಗಿಗೆ ಗುಂಡಿ ಹೊಲಿಯುತ್ತ, ಎದುರುಮನೆಯವರ ಬೆಕ್ಕಿನ ಕಥೆ ಹೇಳುತ್ತಿದ್ದಳು. ನಡುವೆ ದನಿ ನಿಂತಿತು.

"ಯಾಕೆ ಸುಮ್ಮನಾದೆ?" ಒಳಗಿನಿಂದ ತಟ್ಟನೆ ಬಂತು.

"ಸೂಜಿಗೆ ದಾರ ಪೋಣಿಸ್ತಿದ್ದೆ ಕಣ್ರೀ."

"ಮಾತಾಡ್ತಾ ಪೋಣಿಸು."