ಶಬ್ದ ಮಾಡುವ ಸೈಕಲ್ಲು

ಎಲ್ಲರೂ ಹೊಗಳಿದ ವಸ್ತುವೆಂದರೆ ನನಗೆ ಮೊದಲಿನಿಂದಲೂ ಗುಮಾನಿ. ಬಂಗುಡೆ ಮೀನು ಕೊಳ್ಳುವಾಗ ಕಿವಿರು ಎತ್ತಿ ನೋಡದೆ ಚೀಲಕ್ಕೆ ಹಾಕಿಸಿಕೊಂಡವಳಲ್ಲ ನಾನು. ಅಂಥವಳು ಮನೆಯೊಳಗೆ ಕೂತು ತುಳಿಯುವ ವ್ಯಾಯಾಮದ ಸೈಕಲ್ಲನ್ನು ಫೋನಿನಲ್ಲಿ ನೋಡಿ ತರಿಸಬೇಕಾಗಿ ಬಂತು.

ನನ್ನ ಗಂಡನಿಗೆ ಸಣ್ಣದಾಗಿ ಪಾರ್ಶ್ವವಾಯು ಬಡಿದು ಎಡಗಾಲು ಸೋತಿತ್ತು. ಕಾಲಿಗೆ ದಿನಾ ಕೆಲಸ ಕೊಡದಿದ್ದರೆ ಉಳಿದಿರುವ ಶಕ್ತಿಯೂ ಹೋಗುತ್ತದೆ ಎಂದು ಕುಂದಾಪುರದ ಡಾಕ್ಟರು ಖಡಕ್ಕಾಗಿ ಹೇಳಿದ್ದರು. ಇವರು ಬೆಳಿಗ್ಗೆ ಕೋಲು ಹಿಡಿದು ಹೊರಡುವವರು, ಬಂದು "ಕೆರೆ ತನಕ ಹೋಯ್ ಬಂದೆ" ಎನ್ನುವವರು. ಕೋಟೇಶ್ವರದ ಮಳೆಗಾಲದಲ್ಲಿ ಅಷ್ಟು ದೂರ ನಡೆದವರ ಚಪ್ಪಲಿಗೆ ಕೆಸರು ಹತ್ತಬೇಡವೆ? ವಿಚಾರಿಸಿದರೆ, ಅಡ್ಡರಸ್ತೆಯ ಕ್ಷೌರದಂಗಡಿಯ ಬೆಂಚಿನಲ್ಲಿ ಕೂತು ಪೇಪರು ಓದಿ ಬರುತ್ತಿದ್ದರಂತೆ.

ಬೈಂದೂರಿನಲ್ಲಿರುವ ಮಗಳು ಒಂದು ಸೈಕಲ್ಲನ್ನು ಆರಿಸಿ ಫೋನಿಗೆ ಕಳಿಸಿದಳು. "ಅಮ್ಮ, ನಾಲ್ಕೂವರೆ ಸ್ಟಾರ್ ಇತ್ತ್. ಇನ್ನೆಂತ ಕಾಣುಕಿತ್ತ್?"

ಕಾಣುವುದು ಬೇಕಾದಷ್ಟಿತ್ತು. ಐದು ಸ್ಟಾರ್ ಕೊಟ್ಟವರಲ್ಲಿ ಹೆಚ್ಚಿನವರು ಪೆಟ್ಟಿಗೆ ಬೇಗ ಬಂತು, ಬಣ್ಣ ಚಂದ ಎಂದು ಬರೆದಿದ್ದರು. ತುಳಿದವರು ಯಾರು? ಕೆಲವರ ಊರು ಬೇರೆ ಬೇರೆ, ಮಾತು ಮಾತ್ರ ಅಕ್ಷರವೂ ತಪ್ಪದೆ ಒಂದೇ. ಒಂದು ಸ್ಟಾರ್‌ನವರನ್ನೂ ನಂಬುವಂತಿರಲಿಲ್ಲ. ಒಬ್ಬಾತ ತಡವಾಗಿ ತಂದುಕೊಟ್ಟವನ ಮೇಲಿನ ಸಿಟ್ಟನ್ನು ಪಾಪದ ಸೈಕಲ್ಲಿನ ಮೇಲೆ ತೀರಿಸಿಕೊಂಡಿದ್ದ. ತುಕ್ಕೇ ಹಿಡಿಯುವುದಿಲ್ಲ ಎಂದವರೆಲ್ಲ ಉಪ್ಪುಗಾಳಿ ಕಾಣದ ಊರಿನವರು. ನಮ್ಮಲ್ಲಿ ಕಿಟಕಿಯ ಸರಳೇ ಉಳಿಯುವುದಿಲ್ಲ.

ಕೊನೆಗೆ, ಸ್ಟಾರು ಕಡಿಮೆಯಿದ್ದ ಇನ್ನೊಂದು ಸೈಕಲ್ಲಿನ ಕೆಳಗೆ ಕಾರವಾರದ ಕಡೆಯ ಹೆಂಗಸೊಬ್ಬಳ ಗೊಣಗಾಟ ಸಿಕ್ಕಿತು. ಎರಡು ಮಳೆಗಾಲ ಕಳೆದರೂ ತುಕ್ಕಿಲ್ಲ, ಆದರೆ ಕಟಕಟ ಶಬ್ದ ಅಡುಗೆಮನೆಯವರೆಗೂ ಕೇಳುತ್ತದೆ ಎಂದಿದ್ದಳು. ಬೈಯುವಾಗಲೂ ಇದ್ದದ್ದನ್ನು ಇದ್ದ ಹಾಗೆ ಹೇಳಿದವಳು. ಅವಳಿಗೆ ಬೇಡವಾದ ಶಬ್ದವೇ ನನಗೆ ಬೇಕಿತ್ತು. ಇವರು ತುಳಿಯುತ್ತಾರೋ ಇಲ್ಲವೋ ಒಲೆಯ ಮುಂದೆ ನಿಂತೇ ತಿಳಿಯುತ್ತದಲ್ಲ. ಅದನ್ನೇ ತರಿಸಿದೆ.

ಪೆಟ್ಟಿಗೆಯ ಪಟ್ಟಿ ಬಿಚ್ಚುವ ಮೊದಲೇ, ಹೇಗನ್ನಿಸಿತು ಎಂದು ಫೋನು ಕೇಳಿತು. ಒಳಗೊಂದು ಚೀಟಿ: ಐದು ಸ್ಟಾರ್ ಕೊಟ್ಟರೆ ಕೂಪನ್. ನಾಲ್ಕೂವರೆ ಹೇಗೆ ಹುಟ್ಟುತ್ತದೆಂದು ಗೊತ್ತಾಯಿತು. ಚೀಟಿ ಒಲೆಗೆ ಹೋಯಿತು.

ಕಟಕಟ ಶುರುವಾಯಿತು. ನಿಂತರೆ "ಹ್ವಾಯ್, ಎಂತಾಯ್ತ್?" ಎಂದು ಓಡುತ್ತಿದ್ದೆ. ಕಳ್ಳಾಟ ಹಿಡಿಯಲು ಓಡುತ್ತಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ನಿಜ ಹೇಳಬೇಕೆಂದರೆ ಅದು ಹೆದರಿಕೆ. ಇನ್ನೊಮ್ಮೆ ವಾಯು ಬಡಿದು ಅಲ್ಲೇ ಒರಗಿಬಿಟ್ಟಿದ್ದರೆ? ಕೆಲವು ದಿನಗಳಲ್ಲಿ ಶಬ್ದ ನಿಲ್ಲುವುದೇ ತಪ್ಪಿತು. ಸುಧಾರಿಸಿದರು ಎಂದುಕೊಂಡೆ.

ಒಂದು ಬೆಳಿಗ್ಗೆ ಬಟ್ಟೆ ಒಣಹಾಕಿ ಬರುವಾಗ ಕಿಟಕಿಯಲ್ಲಿ ಕಂಡೆ. ಸೈಕಲ್ಲಿನ ಪಕ್ಕ ಕುರ್ಚಿ ಹಾಕಿಕೊಂಡು, ಬಲಗೈಯಲ್ಲಿ ಪೆಡಲ್ ತಿರುಗಿಸುತ್ತಿದ್ದರು. ಮೈಯೆಲ್ಲ ಉರಿದುಹೋಯಿತು.

"ಹ್ವಾಯ್, ಡಾಕ್ಟ್ರ್ ಹೇಳಿದ್ದ್ ಕೈಗಾ ಕಾಲಿಗಾ?"

ಅವರು ಪೆಡಲ್ ಬಿಟ್ಟು ತಲೆತಗ್ಗಿಸಿ ಕೂತರು. "ಕಾಲ್ ಜಾರತ್ತ್ ಮಾರಾಯ್ತಿ. ಪೆಡಲಿನ್ ಪಟ್ಟಿ ಹಿಡ್ಕಂಬ್ದಿಲ್ಲ. ಶಬ್ದ ನಿಂತ್ರೆ ನೀನ್ ಹೆದ್ರಿ ಓಡಿ ಬತ್ತೆ. ಅದ್ಕೆ ತಿರ್ಗ್ಸ್ತಿದ್ದೆ."

ಅಷ್ಟೊಂದು ರಿವ್ಯೂ ಜಾಲಾಡಿದ್ದೆ. ಬರೆದವರೆಲ್ಲ ಎರಡೂ ಕಾಲು ಗಟ್ಟಿಯಿದ್ದವರು. ಸೋತ ಕಾಲಿನ ಕತೆ ಕೇಳಬೇಕಾದದ್ದು ಮನೆಯಲ್ಲೇ ಇದ್ದವರನ್ನು. ಅವರನ್ನು ಸೈಕಲ್ಲಿಗೆ ಹತ್ತಿಸಿ, ಮೈ ಒರೆಸುವ ಹಳೆಯ ಬೈರಾಸು ಹರಿದು, ನೆಲದಲ್ಲಿ ಕೂತು, ಎಡಪಾದವನ್ನು ಪೆಡಲಿಗೆ ಮೆತ್ತಗೆ ಕಟ್ಟಿದೆ. ಅವರು ನನ್ನ ಹೆಗಲು ಹಿಡಿದುಕೊಂಡು ತುಳಿದರು.

ಸೋತ ಕಾಲಿಗೆ ಪಟ್ಟಿ ಸಾಲದು, ಬಟ್ಟೆ ಕಟ್ಟಿಕೊಳ್ಳಿ ಎಂದು ಮೂರು ಸ್ಟಾರ್ ಕೊಟ್ಟು ಬರೆದೆ. ಉಪಯೋಗವಾಯಿತು ಎಂದು ಯಾರೋ ಒಬ್ಬರು ಒತ್ತಿದ್ದಾರೆ. ಮಗಳೇ ಇರಬೇಕೆಂದು ನನ್ನ ಗುಮಾನಿ.

ಕೈಯಲ್ಲಿ ತಿರುಗಿಸುವಾಗ ಶಬ್ದ ಒಂದೇ ಸಮ ಬರುತ್ತಿತ್ತು, ನಾನು ನಂಬಿದ್ದೆ. ಈಗ ಬಲಗಾಲಿಗೆ ಜೋರಾಗಿ ಬರುತ್ತದೆ, ಎಡಗಾಲಿಗೆ ತಡವಾಗಿ, ಮೆಲ್ಲಗೆ. ಆ ಎರಡನೆಯದು ಕೇಳುವವರೆಗೆ ನಾನು ಕಾಯಿ ತುರಿಯುವ ಕೈ ನಿಲ್ಲಿಸಿ ಕಾಯುತ್ತೇನೆ.